ಅದಕ್ಕೆ ಕಾಲಂ ಇಲ್ಲ, ಮಾವ

2021ರ ಡಿಸೆಂಬರ್ ಕೊನೆಯ ವಾರ ನಾನು ದೊಡ್ಡಬಳ್ಳಾಪುರದ ಸೋದರಮಾವನ ಮನೆಯಲ್ಲಿದ್ದೆ. ಆ ಊರಿನ ಎಷ್ಟೋ ಮನೆಗಳ ಹಾಗೆ ಅದೂ ಮುಂದೆ ಮಗ್ಗ, ಹಿಂದೆ ಸಂಸಾರ ಇರುವ ಮನೆ. ನಾಲ್ಕು ವಿದ್ಯುತ್ ಮಗ್ಗ ಒಟ್ಟಿಗೆ ಓಡುವಾಗ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಏನಾದರೂ ಹೇಳಬೇಕೆಂದರೆ ಹತ್ತಿರ ಹೋಗಿ ಕಿವಿಯಲ್ಲಿ ಕೂಗಬೇಕು, ಇಲ್ಲವೇ ಕರೆಂಟು ಹೋಗುವವರೆಗೆ ಕಾಯಬೇಕು. ಅವತ್ತು ಕರೆಂಟು ಹೋಗಿತ್ತು. ಮಾವ ಫೋನು ಹಿಡಿದುಕೊಂಡು ಬಂದರು. ಸಂಘದ ವಾಟ್ಸ್ಆಪ್ ಗುಂಪಿನಲ್ಲಿ ಒಂದು ಲಿಂಕ್ ಬಂದಿತ್ತು. ಬಟ್ಟೆಯ ಮೇಲಿನ ಜಿಎಸ್‌ಟಿ ಹೊಸ ವರ್ಷದಿಂದ ಶೇ. 5ರಿಂದ 12ಕ್ಕೆ ಏರುತ್ತದೆ, ಎಲ್ಲ ಸದಸ್ಯರೂ ಈ ಫಾರಂ ತುಂಬಿ ತಮ್ಮ ದನಿಯನ್ನು ಸರ್ಕಾರಕ್ಕೆ ಮುಟ್ಟಿಸಬೇಕು, ಎರಡೇ ನಿಮಿಷದ ಕೆಲಸ ಎಂದು ಅದರ ಮೇಲೆ ಬರೆದಿತ್ತು. “ಇದೊಂಚೂರು ತುಂಬಿಕೊಡಮ್ಮ, ಇಂಗ್ಲಿಷಲ್ಲೈತೆ” ಎಂದರು.

ಹೆಸರು ಬರೆದೆ, ಮೊಬೈಲ್ ಸಂಖ್ಯೆ ಬರೆದೆ. ಮೂರನೆಯದು ಜಿಎಸ್‌ಟಿ ನೋಂದಣಿ ಸಂಖ್ಯೆ. ಅದರ ಪಕ್ಕದಲ್ಲಿ ಕೆಂಪು ನಕ್ಷತ್ರವಿತ್ತು. ತುಂಬದೆ ಮುಂದೆ ಹೋಗುವ ಹಾಗಿಲ್ಲ. ಮಾವ ಕೂಲಿಗೆ ನೇಯುವವರು. ಸಾಹುಕಾರರು ನೂಲು ಕೊಡುತ್ತಾರೆ, ಡಿಸೈನ್ ಕೊಡುತ್ತಾರೆ. ಇವರು ಕೃತಕ ನೂಲಿನ ಸೀರೆ ನೇಯ್ದು ಕೊಟ್ಟು ಸೀರೆಗಿಷ್ಟು ಎಂದು ಕೂಲಿ ತೆಗೆದುಕೊಳ್ಳುತ್ತಾರೆ. ಅವರ ಹೆಸರಿನಲ್ಲಿ ಜಿಎಸ್‌ಟಿ ನೋಂದಣಿ ಇಲ್ಲ, ಅವರ ವಹಿವಾಟಿಗೆ ಅದರ ಅಗತ್ಯವೂ ಇಲ್ಲ. ಮಾವ ಒಳಗೆ ಹೋಗಿ ಸಾಹುಕಾರರ ಚಲನ್ ಒಂದನ್ನು ತಂದರು. ಅದರ ಮೇಲಿದ್ದ ಸಂಖ್ಯೆಯನ್ನು ನಾನು ಹಾಕಿದೆ. ನಕ್ಷತ್ರಕ್ಕೆ ಸಮಾಧಾನವಾಯಿತು.

ಆಮೇಲಿನ ಪ್ರಶ್ನೆ, ಈ ಏರಿಕೆಯಿಂದ ನಿಮಗೆ ಏನಾಗುತ್ತದೆ ಎಂಬುದು. ನಾಲ್ಕು ಉತ್ತರಗಳು ಸಿದ್ಧವಾಗಿದ್ದವು: ಬೇಡಿಕೆ ಕುಸಿಯುತ್ತದೆ, ಬಂಡವಾಳ ಸಿಕ್ಕಿಹಾಕಿಕೊಳ್ಳುತ್ತದೆ, ಕೆಲಸಗಾರರನ್ನು ಬಿಡಿಸಬೇಕಾಗುತ್ತದೆ, ಮಗ್ಗ ನಿಲ್ಲಿಸಬೇಕಾಗುತ್ತದೆ. ನಾನು ಕನ್ನಡದಲ್ಲಿ ಓದಿ ಹೇಳಲು ಶುರುಮಾಡುವ ಮೊದಲೇ ಮಾವ, “ಕೂಲಿ ಜಾಸ್ತಿ ಮಾಡ್ಸಿ ಅಂತ ಬರಿ. ಮೂರು ವರ್ಷದಿಂದ ಅಷ್ಟೇ ಐತೆ” ಎಂದರು.

“ಅದಕ್ಕೆ ಕಾಲಂ ಇಲ್ಲ, ಮಾವ” ಎಂದೆ.

ಅವರು ಏನೂ ಹೇಳಲಿಲ್ಲ. ಕರೆಂಟು ಬಂತು, ಮಗ್ಗದ ಕಡೆ ಹೋದರು. ನಾನು ನಾಲ್ಕನೆಯ ಉತ್ತರವನ್ನು ಒತ್ತಿದೆ. ಎಲ್ಲಕ್ಕಿಂತ ಗಟ್ಟಿಯಾಗಿ ಕೇಳುವ ಉತ್ತರ ಅದೇ ಎಂದು ನನಗೆ ಅನಿಸಿತ್ತು. ಕೆಳಗೆ ಸಿದ್ಧವಿದ್ದ ಪತ್ರದೊಳಗೆ ಮಾವನ ಹೆಸರು ತಾನಾಗಿ ಬಂದು ಕೂತಿತು. ಕಳಿಸು ಎಂಬಲ್ಲಿ ಒತ್ತಿದೆ. ಎರಡು ನಿಮಿಷವೂ ಆಗಿರಲಿಲ್ಲ.

ಅದೇ ಡಿಸೆಂಬರ್ 31ರಂದು ಜಿಎಸ್‌ಟಿ ಮಂಡಳಿ ತುರ್ತಾಗಿ ಸಭೆ ಸೇರಿ ಬಟ್ಟೆಯ ಮೇಲಿನ ಏರಿಕೆಯನ್ನು ಮುಂದೂಡಿತು. ಹಲವು ರಾಜ್ಯಗಳು ಅದನ್ನು ವಿರೋಧಿಸಿದ್ದವು. ವಾಟ್ಸ್ಆಪ್ ಗುಂಪಿನಲ್ಲಿ, ನಮ್ಮ ದನಿ ಗೆದ್ದಿತು ಎಂಬ ಸಂದೇಶ ಬಂತಂತೆ. ಅದರ ಜೊತೆಗೆ ಮಾವನ ಫೋನಿಗೆ ಅವರು ‘ಬರೆದ’ ಪತ್ರದ ಪ್ರತಿಯೂ ಬಂದಿತ್ತು. ಹತ್ತನೇ ತರಗತಿಯಲ್ಲಿದ್ದ ಅವರ ಮಗ ಅದನ್ನು ಓದಿ ಅರ್ಥ ಹೇಳಿದ್ದಾನೆ. ಮಾವ ಫೋನ್ ಮಾಡಿದರು. ಕೋಪವೇನೂ ಇರಲಿಲ್ಲ. “ಅಲ್ಲಮ್ಮ, ಮಗ್ಗ ನಿಲ್ಲುತ್ತೆ ಅಂತ ಬರೆದಿದ್ದೀಯಲ್ಲ, ಅಂಥ ಮಾತು ನಾನು ಯಾವತ್ತಾದ್ರೂ ಬಾಯಲ್ಲಿ ಆಡಿದ್ದೀನಾ? ಕೊರೊನಾದಾಗೂ ಆಡ್ಲಿಲ್ಲ” ಎಂದರು. ನೇಯುವ ಮನೆಯಲ್ಲಿ ಮಗ್ಗ ನಿಲ್ಲುವ ಮಾತನ್ನು ಆಡುವುದು ಅಪಶಕುನ ಎಂದು ನನಗೂ ಗೊತ್ತಿತ್ತು. ಆ ಮನೆಯ ಅನ್ನ ಉಂಡೇ ಬೆಳೆದವಳು ನಾನು. ಆದರೆ ಫಾರಂ ತುಂಬುವಾಗ ನೆನಪಾಗಲಿಲ್ಲ.

ಈಗ ನಾನು ಸಂಶೋಧನೆಗಾಗಿ ಓದುವ ಪುಸ್ತಕಗಳಲ್ಲಿ ಪ್ರಾತಿನಿಧ್ಯ, ದನಿ, ಸಮ್ಮತಿ ಎಂಬ ಮಾತುಗಳು ಪುಟಪುಟಕ್ಕೂ ಬರುತ್ತವೆ. ಬಂದಾಗಲೆಲ್ಲ ಆ ಫೋನ್ ಕರೆ ನೆನಪಾಗುತ್ತದೆ. ನಾನು ಮಾಡಿದ್ದು ತಪ್ಪೇ? ತಪ್ಪಾದರೆ ಎಂಥ ತಪ್ಪು? ಬೇಡಿಕೆ ನ್ಯಾಯವಾದದ್ದೇ ಆಗಿತ್ತು. ಮಾವ ಅದರ ವಿರುದ್ಧ ಇರಲಿಲ್ಲ. ಫಲವೂ ಸಿಕ್ಕಿತು. ಹಾಗಿದ್ದರೂ ಏನೋ ಒಂದನ್ನು ಅವರಿಂದ ಕೇಳದೆ ತೆಗೆದುಕೊಂಡೆ ಎಂಬ ಭಾವನೆ ಹೋಗಿಲ್ಲ.

*

ಮೊದಲು ಸಂಘದ ಕಡೆಯ ನ್ಯಾಯವನ್ನು ಹೇಳಬೇಕು. ಒಂದು ಕಸುಬಿನವರು ಒಟ್ಟಾಗಿ ಸರ್ಕಾರದ ಮುಂದೆ ಮಾತಾಡುವುದು ಸುಲಭದ ಕೆಲಸವಲ್ಲ. ಅರ್ಥಶಾಸ್ತ್ರಜ್ಞ ಮ್ಯಾನ್ಸರ್ ಓಲ್ಸನ್ 1965ರ ತನ್ನ ಪುಸ್ತಕದಲ್ಲಿ ಒಂದು ವಿಚಿತ್ರವನ್ನು ಎತ್ತಿ ತೋರಿಸಿದ. ಎಲ್ಲರಿಗೂ ಲಾಭವಾಗುವ ಕೆಲಸಕ್ಕೆ ಎಲ್ಲರೂ ತಾವಾಗಿ ಕೈಜೋಡಿಸುತ್ತಾರೆ ಎಂದು ನಾವು ಭಾವಿಸುತ್ತೇವೆ. ಆದರೆ ಗುಂಪು ದೊಡ್ಡದಾದಷ್ಟೂ ಪ್ರತಿಯೊಬ್ಬನಿಗೂ ತಾನೊಬ್ಬ ದುಡಿಯದಿದ್ದರೂ ನಡೆಯುತ್ತದೆ ಎನಿಸುತ್ತದೆ. ಹಾಗಾಗಿ ಹತ್ತು ದೊಡ್ಡ ಗಿರಣಿಗಳ ಮಾಲೀಕರು ಬೇಗ ಒಂದಾಗುತ್ತಾರೆ, ಹತ್ತು ಸಾವಿರ ಸಣ್ಣ ಮಗ್ಗದವರು ಒಂದಾಗುವುದಿಲ್ಲ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ ಎಂಬ ಗಾದೆ ನಮ್ಮಲ್ಲಿದೆ. ಓಲ್ಸನ್ ಕೇಳಿದ್ದು, ಆ ಹುಲ್ಲುಕಡ್ಡಿಯನ್ನಾದರೂ ಪ್ರತಿಯೊಬ್ಬನೂ ಏಕೆ ಕೊಟ್ಟಾನು ಎಂದು.

ಡಿಜಿಟಲ್ ಸಾಧನಗಳು ಬಂದು ಹುಲ್ಲುಕಡ್ಡಿ ಕೊಡುವ ಶ್ರಮವನ್ನು ಬಹುಪಾಲು ಇಲ್ಲವಾಗಿಸಿದವು. ಮೊದಲು ಮನವಿಪತ್ರ ಎಂದರೆ ಪದಾಧಿಕಾರಿಗಳ ಲೆಟರ್‌ಹೆಡ್. ಅಧ್ಯಕ್ಷರು, ಕಾರ್ಯದರ್ಶಿ ಬೆಂಗಳೂರಿಗೆ ಬಸ್ಸು ಹತ್ತಿ ಹೋಗಿ, ಮಂತ್ರಿಗಳ ಮನೆಯ ಮುಂದೆ ಕಾದು, ಹಾರ ಹಾಕಿ, ಪತ್ರ ಕೊಟ್ಟು, ಫೋಟೊ ತೆಗೆಸಿಕೊಂಡು ಬರುತ್ತಿದ್ದರು. ಮಗ್ಗ ಬಿಟ್ಟು ಒಂದು ದಿನ ಹೋದರೆ ಆ ದಿನದ ಕೂಲಿ ಹೋಯಿತು. ಆದ್ದರಿಂದ ಮಗ್ಗ ಬಿಟ್ಟು ಹೋಗಬಲ್ಲವರೇ, ಅಂದರೆ ತಾವು ನೇಯದವರೇ, ನೇಕಾರರ ಪರವಾಗಿ ಮಾತಾಡುತ್ತಿದ್ದರು. ಮಾವನಂಥವರ ಹೆಸರು ಸಂಘದ ರಸೀದಿ ಪುಸ್ತಕ ಬಿಟ್ಟು ಬೇರೆಲ್ಲೂ ಬರುತ್ತಿರಲಿಲ್ಲ. ಒಂದು ಲಿಂಕ್ ಅವರನ್ನು ಮಗ್ಗದ ಪಕ್ಕದಲ್ಲೇ ಕಂಡು ಮಾತಾಡಿಸಿತು ಎಂಬುದು ಸಣ್ಣ ವಿಷಯವಲ್ಲ.

ಸರ್ಕಾರದ ಕಿವಿಗೆ ಸಂಖ್ಯೆಯ ಭಾಷೆ ಬೇಗ ತಿಳಿಯುತ್ತದೆ ಎಂಬುದೂ ನಿಜ. 2015ರ ಮಾರ್ಚ್ 27ರಂದು ಟ್ರಾಯ್ ಅಂತರ್ಜಾಲ ಸೇವೆಗಳ ನಿಯಂತ್ರಣದ ಬಗ್ಗೆ ಸಮಾಲೋಚನಾ ಪತ್ರ ಹೊರಡಿಸಿತು. ನೂರು ಪುಟ ಮೀರಿದ, ದೂರಸಂಪರ್ಕದ ಪರಿಭಾಷೆ ತುಂಬಿದ ಆ ಪತ್ರವನ್ನು ಸಾಮಾನ್ಯರು ಓದಿ ಉತ್ತರಿಸುತ್ತಾರೆ ಎಂದು ಯಾರೂ ನಿರೀಕ್ಷಿಸಿರಲಿಲ್ಲ. ಕೆಲವು ಸ್ವಯಂಸೇವಕರು ಅದನ್ನು ಸರಳಗೊಳಿಸಿ, ಪ್ರಶ್ನೆಗಳಿಗೆ ಮಾದರಿ ಉತ್ತರ ಬರೆದು, ಅಂತರ್ಜಾಲದಲ್ಲಿ ಇಟ್ಟರು. ಕೆಲವೇ ವಾರಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಟ್ರಾಯ್‌ಗೆ ಹೋದವು. ಬಹುಪಾಲು ಒಂದೇ ಅಚ್ಚಿನವು. ಆದರೂ ಅದರಿಂದ, ಕಂಪನಿಗಳಿಗೂ ನಿಯಂತ್ರಕರಿಗೂ ನಡುವೆ ನಡೆಯುತ್ತಿದ್ದ ಮಾತುಕತೆಯೊಳಗೆ ಬಳಕೆದಾರ ಎಂಬ ಮೂರನೆಯವನು ಬಂದು ಕೂತ. ಅಚ್ಚಿನ ಪತ್ರ ಎಂಬ ಕಾರಣಕ್ಕೆ ಅದನ್ನು ತಳ್ಳಿಹಾಕುವುದಾದರೆ, ನೂರು ಪುಟದ ಇಂಗ್ಲಿಷ್ ಓದಬಲ್ಲವರು ಮಾತ್ರ ಮಾತಾಡಲಿ ಎಂದಂತಾಗುತ್ತದೆ.

ಆದರೆ ಅದೇ ವರ್ಷದ ಕೊನೆಗೆ ಇದೇ ತಂತ್ರ ಎದುರು ಪಕ್ಷದ ಕೈಗೆ ಬಂತು. ಟ್ರಾಯ್ ಡಿಸೆಂಬರ್‌ನಲ್ಲಿ ಡೇಟಾ ಸೇವೆಗಳ ತಾರತಮ್ಯದ ದರದ ಬಗ್ಗೆ ನಿರ್ದಿಷ್ಟ ಪ್ರಶ್ನೆಗಳನ್ನು ಕೇಳಿತು. ಫೇಸ್‌ಬುಕ್ ತನ್ನ ಫ್ರೀ ಬೇಸಿಕ್ಸ್ ಯೋಜನೆಯನ್ನು ಉಳಿಸಲು ತನ್ನ ಬಳಕೆದಾರರ ಪರದೆಯ ಮೇಲೇ ಸಿದ್ಧ ಪತ್ರವನ್ನಿಟ್ಟು, ಒತ್ತಿ ಕಳಿಸಿ ಎಂದಿತು. ಲಕ್ಷಗಟ್ಟಲೆ ಜನ ಒತ್ತಿದರು. ಟ್ರಾಯ್ ಆ ಪತ್ರಗಳು ತಾನು ಕೇಳಿದ ಪ್ರಶ್ನೆಗಳಿಗೆ ಉತ್ತರವೇ ಅಲ್ಲ ಎಂದಿತು. ಸಮಾಲೋಚನೆಯನ್ನು ತಲೆ ಎಣಿಸುವ ಆಟ ಮಾಡಬೇಡಿ ಎಂಬ ಅರ್ಥದ ಖಾರವಾದ ಪತ್ರವನ್ನೂ ಬರೆಯಿತು. 2016ರ ಫೆಬ್ರವರಿ 8ರಂದು ತಾರತಮ್ಯದ ದರಗಳನ್ನು ನಿಷೇಧಿಸಿತು.

ನಾನು ಆಗ ಮೊದಲ ಅಭಿಯಾನದ ಪರವಾಗಿದ್ದವಳು, ಎರಡನೆಯದನ್ನು ನೋಡಿ ನಕ್ಕವಳು. ಈಗ ಯೋಚಿಸಿದರೆ ನಗುವಿಗೆ ಅಷ್ಟು ಆಧಾರ ಕಾಣುವುದಿಲ್ಲ. ಎರಡರಲ್ಲೂ ಬೇರೆಯವರು ಬರೆದದ್ದನ್ನು ಜನ ತಮ್ಮ ಹೆಸರಿನಲ್ಲಿ ಕಳಿಸಿದರು. ಮೊದಲನೆಯದರಲ್ಲಿ ಪ್ರಶ್ನೆಗೆ ಉತ್ತರವಿತ್ತು, ಓದಿ ಬದಲಿಸಿಕೊಳ್ಳುವ ಅವಕಾಶವಿತ್ತು ಎಂಬುದು ನಿಜವಾದ ವ್ಯತ್ಯಾಸವೇ. ಆದರೆ ನಮಗೆ ಒಪ್ಪಿಗೆಯಾದ ಪಕ್ಷದ ಅಚ್ಚು ಜನರ ದನಿ, ಒಪ್ಪಿಗೆಯಾಗದ ಪಕ್ಷದ ಅಚ್ಚು ಕೃತಕ ಎನ್ನುವುದು ಬೇರೆ ಮಾತು. ಅಚ್ಚಿನಲ್ಲಿ ತಪ್ಪೇನಿದೆ, ಎಲ್ಲಿದೆ ಎಂಬುದನ್ನು ಪಕ್ಷ ಮರೆತು ಕೇಳಬೇಕು.

*

ಘೋಷಣೆಯೂ ಅಚ್ಚೇ. ಮೆರವಣಿಗೆಯಲ್ಲಿ ಒಬ್ಬ ಕೂಗುತ್ತಾನೆ, ಸಾವಿರ ಜನ ಅದನ್ನೇ ತಿರುಗಿ ಕೂಗುತ್ತಾರೆ. ಅದನ್ನು ಯಾರೂ ಕಳ್ಳದನಿ ಎನ್ನುವುದಿಲ್ಲ. ಕೂಗುವವನು ಅಲ್ಲಿ ನಿಂತಿದ್ದಾನೆ, ಬಿಸಿಲು ಅವನ ಮೇಲೂ ಬಿದ್ದಿದೆ ಎಂಬ ಕಾರಣಕ್ಕೆ ಎಂದು ಹೇಳಬಹುದು. ಬೆರಳು ಒತ್ತಿದವನಿಗೆ ಯಾವ ವೆಚ್ಚವೂ ಇಲ್ಲ, ಆದ್ದರಿಂದ ಅದು ಹಗುರ ಎಂದು ಹಲವರು ವಾದಿಸುತ್ತಾರೆ. ನನಗೆ ಈ ವಾದ ಪೂರ್ತಿ ಹಿಡಿಸುವುದಿಲ್ಲ. ದನಿಗೆ ಬೆವರಿನ ಬೆಲೆ ಕಟ್ಟಿದರೆ, ಮಗ್ಗ ಬಿಡಲಾಗದವರು, ಮಗು ಬಿಟ್ಟು ಬರಲಾಗದವರು, ಕಾಲಿಲ್ಲದವರು ಮತ್ತೆ ಹೊರಗೇ ಉಳಿಯುತ್ತಾರೆ. ಸುಲಭವಾದದ್ದು ಎಂಬುದೇ ಸುಳ್ಳಾದದ್ದು ಎಂಬುದಕ್ಕೆ ಸಾಕ್ಷಿಯಲ್ಲ.

ನನಗೆ ಕಾಣುವ ವ್ಯತ್ಯಾಸ ಬೇರೆ. ಘೋಷಣೆ ಬೇಡಿಕೆಯನ್ನು ಹೇಳುತ್ತದೆ: ತೆರಿಗೆ ಇಳಿಸಿ. ಬೇಡಿಕೆಯನ್ನು ಹಂಚಿಕೊಳ್ಳಬಹುದು. ಒಬ್ಬರು ಬರೆದು ಹತ್ತು ಸಾವಿರ ಜನ ಸಹಿ ಹಾಕಬಹುದು. ಅಲ್ಲಿ ಸಹಿಯ ಅರ್ಥ ‘ನನಗೂ ಇದೇ ಬೇಕು’ ಎಂದು. ಆದರೆ ‘ಮಗ್ಗ ನಿಲ್ಲಿಸಬೇಕಾಗುತ್ತದೆ’ ಎಂಬುದು ಬೇಡಿಕೆಯಲ್ಲ, ಸಾಕ್ಷ್ಯ. ಅದು ಒಬ್ಬನ ಮನೆಯೊಳಗಿನ ಸಂಗತಿ, ಅವನ ಲೆಕ್ಕ, ಅವನ ಭಯ. ಅದನ್ನು ಹೇಳುವ ಹಕ್ಕು ಆ ಮನೆಯಲ್ಲಿ ಬದುಕುವವನಿಗೆ ಮಾತ್ರ. ಸಾಕ್ಷಿಯನ್ನು ಕಟಕಟೆಗೆ ಕರೆದು, ನಾಲ್ಕರಲ್ಲಿ ಒಂದನ್ನು ಆರಿಸು ಎಂದರೆ ಯಾವ ನ್ಯಾಯಾಧೀಶರೂ ಒಪ್ಪುವುದಿಲ್ಲ. ಸದಸ್ಯರ ದನಿ ಸಂಗ್ರಹಿಸುವ ಈ ಫಾರಂಗಳು ಮಾಡುವುದು ಅದನ್ನೇ. ಸಂಘಕ್ಕೆ ಮೊದಲೇ ಒಂದು ಬೇಡಿಕೆ ಇದೆ. ಅದಕ್ಕೆ ಸಾಕ್ಷ್ಯದ ಬಟ್ಟೆ ತೊಡಿಸಬೇಕಾಗಿದೆ. ಸದಸ್ಯನ ಹೆಸರು, ಮಗ್ಗದ ಸಂಖ್ಯೆ, ಊರು ಎಲ್ಲ ಸೇರಿದರೆ, ಕಚೇರಿಯಲ್ಲಿ ಕೂತು ಯಾರೋ ಬರೆದ ವಾಕ್ಯ ದೊಡ್ಡಬಳ್ಳಾಪುರದ ಒಬ್ಬ ನೇಕಾರನ ಅನುಭವವಾಗಿ ಕಾಣುತ್ತದೆ.

ಈ ದಾರಿಯಲ್ಲಿ ಇನ್ನೂ ಮುಂದೆ ಹೋದರೆ ಎಲ್ಲಿ ಮುಟ್ಟುತ್ತೇವೆ ಎಂಬುದಕ್ಕೆ ಅಮೆರಿಕದ ಉದಾಹರಣೆ ಇದೆ. 2017ರಲ್ಲಿ ಅಲ್ಲಿನ ಸಂಪರ್ಕ ಆಯೋಗ ಎಫ್‌ಸಿಸಿ ಅಂತರ್ಜಾಲ ತಟಸ್ಥತೆಯ ನಿಯಮಗಳನ್ನು ತೆಗೆಯುವ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ 2 ಕೋಟಿ 20 ಲಕ್ಷಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ ವರ್ಷಗಟ್ಟಲೆ ತನಿಖೆ ಮಾಡಿ 2021ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು: ಅವುಗಳಲ್ಲಿ ಸುಮಾರು 1 ಕೋಟಿ 80 ಲಕ್ಷ ಸುಳ್ಳು. ಸುಮಾರು 85 ಲಕ್ಷ ಬ್ರಾಡ್‌ಬ್ಯಾಂಡ್ ಉದ್ಯಮದ ಹಣದಿಂದ ನಡೆದ ಅಭಿಯಾನದಲ್ಲಿ ಹುಟ್ಟಿದವು. ಬಹುಮಾನದ ಆಸೆ ತೋರಿಸಿ ಜನರ ವಿವರ ಪಡೆಯುವ ಮಾರಾಟ ಸಂಸ್ಥೆಗಳಿಗೆ ಗುತ್ತಿಗೆ ಕೊಟ್ಟಿದ್ದರು. ಅವರು ಜನರನ್ನು ಕೇಳದೆ ಹೆಸರುಗಳನ್ನು ಹಾಕಿದ್ದರು. ಇನ್ನೊಂದು ಪಕ್ಷದಲ್ಲಿ, 19 ವರ್ಷದ ಒಬ್ಬ ಕಾಲೇಜು ವಿದ್ಯಾರ್ಥಿ ಯಂತ್ರದ ಸಹಾಯದಿಂದ ಸುಮಾರು 77 ಲಕ್ಷ ಅಭಿಪ್ರಾಯಗಳನ್ನು ಕಲ್ಪಿತ ಹೆಸರುಗಳಲ್ಲಿ ಕಳಿಸಿದ್ದ.

ಇದನ್ನು ಓದಿ, ನಾನು ಹಾಗೇನೂ ಮಾಡಲಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳಬಹುದು. ಮಾವ ಇದ್ದಾರೆ, ಫೋನು ಅವರದೇ, ತುಂಬಿಕೊಡು ಎಂದು ಕೇಳಿದವರೂ ಅವರೇ. ಆದರೆ ಆ ಗುತ್ತಿಗೆದಾರರ ಮನಸ್ಸಿನಲ್ಲಿ ನಡೆದದ್ದಕ್ಕೂ ನನ್ನ ಮನಸ್ಸಿನಲ್ಲಿ ನಡೆದದ್ದಕ್ಕೂ ಜಾತಿಯಲ್ಲಿ ಎಷ್ಟು ದೂರ ಎಂದು ಕೇಳಿಕೊಂಡಾಗ ನನಗೆ ಕಸಿವಿಸಿಯಾಗುತ್ತದೆ. ಅವರೂ ‘ಕೇಳಿದ್ದರೆ ಇದನ್ನೇ ಹೇಳುತ್ತಿದ್ದರು’ ಎಂದುಕೊಂಡಿರಬಹುದು. ನಾನು ನಾಲ್ಕನೆಯ ಉತ್ತರ ಒತ್ತಿದ್ದೂ ಹಾಗೆಯೇ. ಮಾವ ಹತ್ತು ಹೆಜ್ಜೆ ದೂರದಲ್ಲಿದ್ದರು. ಮಗ್ಗದ ಸದ್ದಿನಲ್ಲಿ ಎದ್ದು ಹೋಗಿ ಕಿವಿಯಲ್ಲಿ ಕೂಗಿ ಕೇಳಬಹುದಿತ್ತು.

*

ಹನ್ನಾ ಪಿಟ್ಕಿನ್ 1967ರಲ್ಲಿ ಪ್ರಾತಿನಿಧ್ಯದ ಬಗ್ಗೆ ಬರೆದ ಪುಸ್ತಕ ಈ ವಿಷಯದಲ್ಲಿ ಎಲ್ಲರೂ ಮೊದಲು ಓದುವಂಥದ್ದು. ಒಬ್ಬರ ಬದಲಿಗೆ ನಿಲ್ಲುವುದು ಬೇರೆ, ಒಬ್ಬರಿಗಾಗಿ ಕೆಲಸ ಮಾಡುವುದು ಬೇರೆ ಎಂದು ಅವಳು ಬಿಡಿಸಿ ತೋರಿಸಿದಳು. ಬಾವುಟ ದೇಶದ ಬದಲಿಗೆ ನಿಲ್ಲುತ್ತದೆ, ಆದರೆ ದೇಶಕ್ಕಾಗಿ ಏನನ್ನೂ ಮಾಡುವುದಿಲ್ಲ. ನಿಜವಾದ ಪ್ರತಿನಿಧಿ ತಾನು ಪ್ರತಿನಿಧಿಸುವವರ ಹಿತಕ್ಕಾಗಿ ಕೆಲಸ ಮಾಡಬೇಕು, ಜೊತೆಗೆ ಅವರ ಮಾತಿಗೆ ಸ್ಪಂದಿಸುವಂತಿರಬೇಕು. ಅವರಿಗೆ ತಮ್ಮದೇ ಮನಸ್ಸಿದೆ, ಅದು ತನ್ನ ತೀರ್ಮಾನಕ್ಕಿಂತ ಬೇರೆಯಾಗಬಹುದು ಎಂಬುದನ್ನು ಮರೆಯಬಾರದು.

ಇದರ ಬೆಳಕಿನಲ್ಲಿ ನೋಡಿದರೆ ಫಾರಂ ತಾನೇ ಒಬ್ಬ ಪ್ರತಿನಿಧಿ. ಅದನ್ನು ನಾವು ಬರಿಯ ಉಪಕರಣ, ಡಬ್ಬಿ, ದನಿ ತುಂಬಿಕೊಳ್ಳುವ ಪಾತ್ರೆ ಎಂದುಕೊಳ್ಳುತ್ತೇವೆ. ಆದರೆ ಯಾವ ಕಾಲಂ ಇರಬೇಕು, ಯಾವುದಕ್ಕೆ ನಕ್ಷತ್ರ ಹಾಕಬೇಕು, ಯಾವ ಭಾಷೆಯಲ್ಲಿರಬೇಕು ಎಂದು ತೀರ್ಮಾನಿಸಿದ ಕ್ಷಣದಲ್ಲೇ ಸದಸ್ಯ ಯಾರು, ಅವನಿಗೆ ಏನು ನೋವಾಗಬಹುದು ಎಂಬುದೂ ತೀರ್ಮಾನವಾಗಿಬಿಟ್ಟಿದೆ. ನಮ್ಮ ಫಾರಂ ಪ್ರಕಾರ ನೇಕಾರ ಎಂದರೆ ಜಿಎಸ್‌ಟಿ ಸಂಖ್ಯೆ ಇರುವವನು. ನೂಲು ಕೊಳ್ಳುವವನು, ಸೀರೆ ಮಾರುವವನು, ಬಂಡವಾಳ ಸಿಕ್ಕಿಹಾಕಿಕೊಳ್ಳಬಲ್ಲವನು. ಅಂಥವನ ಹೆಸರು ನಮ್ಮ ಕಡೆ ಸಾಹುಕಾರ. ಮಾವನಂಥವರು ಅದರೊಳಗೆ ಬರಬೇಕೆಂದರೆ ಸಾಹುಕಾರರ ಸಂಖ್ಯೆ ಹೊತ್ತೇ ಬರಬೇಕು. ಇದನ್ನು ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ. ತೆರಿಗೆಯ ವಿಷಯ, ಆದ್ದರಿಂದ ತೆರಿಗೆ ಸಂಖ್ಯೆ ಕೇಳಿದರು, ಅಷ್ಟೇ. ಆದರೆ ಅಷ್ಟರಲ್ಲೇ ಕೂಲಿ ನೇಕಾರನ ದನಿ ಸಾಹುಕಾರನ ದನಿಯೊಳಗೆ ಕರಗಿತು.

‘ಉದ್ಯಮ’ ಎಂಬ ಪದವೇ ಇಂಥದ್ದು. ಅವತ್ತಿನ ತೆರಿಗೆ ಏರಿಕೆಗೆ ಒಂದು ಹಿನ್ನೆಲೆ ಇತ್ತು. ಕೃತಕ ನಾರಿಗೆ ಶೇ. 18, ನೂಲಿಗೆ 12, ಬಟ್ಟೆಗೆ 5 ತೆರಿಗೆ. ಕಚ್ಚಾವಸ್ತುವಿಗೆ ಹೆಚ್ಚು, ಸಿದ್ಧವಸ್ತುವಿಗೆ ಕಡಿಮೆಯಾದ್ದರಿಂದ ಕಟ್ಟಿದ ತೆರಿಗೆ ಪೂರ್ತಿ ಮರಳಿ ಸಿಗುತ್ತಿರಲಿಲ್ಲ. ಈ ತಲೆಕೆಳಗಾದ ವ್ಯವಸ್ಥೆಯನ್ನು ಸರಿಪಡಿಸಿ ಎಂದು ಉದ್ಯಮದೊಳಗಿನವರೇ ಕೇಳುತ್ತಿದ್ದರು. ಎಲ್ಲಕ್ಕೂ 12 ಎಂದು ಸರ್ಕಾರ ಸರಿಪಡಿಸಲು ಹೊರಟಾಗ ಬಟ್ಟೆಯವರು ಎದ್ದುನಿಂತರು. ಇಬ್ಬರೂ ಉದ್ಯಮದ ಹೆಸರಿನಲ್ಲೇ ಮಾತಾಡುವವರು. ಕೊನೆಗೆ 2025ರ ಸೆಪ್ಟೆಂಬರ್ 22ರಿಂದ ನಾರು, ನೂಲು ಎರಡನ್ನೂ ಶೇ. 5ಕ್ಕೆ ಇಳಿಸಿ ಆ ಗಂಟನ್ನು ಇನ್ನೊಂದು ತುದಿಯಿಂದ ಬಿಚ್ಚಿದರು. ಈ ನಾಲ್ಕು ವರ್ಷದ ಕಥೆಯಲ್ಲಿ ನಾರಿನವರು, ನೂಲಿನವರು, ಬಟ್ಟೆಯವರು ಎಲ್ಲರೂ ಇದ್ದಾರೆ. ನೇಯ್ಗೆ ಕೂಲಿ ಎಂಬ ಮಾತು ಎಲ್ಲಿಯೂ ಬರುವುದಿಲ್ಲ. ಅದು ತೆರಿಗೆಯ ವಿಷಯವಲ್ಲ ಎಂಬುದು ಸರಿ. ಆದರೆ ಮಾವನಿಗೆ, ನಿನ್ನ ಕಷ್ಟ ಹೇಳು ಎಂದು ಫೋನಿಗೆ ಬಂದು ಕೇಳಿದ್ದು ಜೀವಮಾನದಲ್ಲಿ ಅದೊಂದೇ ಸಲ.

ಭಾಷೆಯದ್ದೂ ಇದೇ ಕಥೆ. 2020ರ ಪರಿಸರ ಪರಿಣಾಮ ಅಧ್ಯಯನದ ಕರಡು ಅಧಿಸೂಚನೆಗೆ ಅಭಿಪ್ರಾಯ ಕೇಳಿದಾಗ ಅದು ಇಂಗ್ಲಿಷ್, ಹಿಂದಿಯಲ್ಲಿತ್ತು. ದೆಹಲಿ ಹೈಕೋರ್ಟ್ ಜೂನ್ 30ರಂದು ಅದನ್ನು ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಲು ಹೇಳಿ, ಅಭಿಪ್ರಾಯ ಸಲ್ಲಿಸುವ ಅವಧಿಯನ್ನೂ ವಿಸ್ತರಿಸಿತು. ಕನ್ನಡದಲ್ಲಿ ತಕ್ಕ ಪ್ರಚಾರ ಸಿಗಲಿಲ್ಲ ಎಂಬ ಪ್ರಶ್ನೆ ನಮ್ಮ ಹೈಕೋರ್ಟಿಗೂ ಬಂತು. ಸರ್ಕಾರವನ್ನು ನಾವು ಈ ಪ್ರಶ್ನೆ ಕೇಳುತ್ತೇವೆ, ಕೇಳಲೇಬೇಕು. ಆದರೆ ಕನ್ನಡದವರೇ ತುಂಬಿರುವ ಸಂಘ ಕನ್ನಡದ ಸದಸ್ಯರಿಗೆ ಇಂಗ್ಲಿಷ್ ಫಾರಂ ಕಳಿಸಿದಾಗ ಯಾರೂ ಕೇಳುವುದಿಲ್ಲ. ಪತ್ರ ದೆಹಲಿಗೆ ಹೋಗಬೇಕಲ್ಲ ಎನ್ನುತ್ತಾರೆ. ಹೋಗುವ ಪತ್ರದ ಭಾಷೆ ಯಾವುದಾದರೂ ಆಗಲಿ. ಕೇಳುವ ಪ್ರಶ್ನೆಯಾದರೂ ಉತ್ತರಿಸುವವನ ಭಾಷೆಯಲ್ಲಿ ಇರಬೇಕಲ್ಲವೇ?

*

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಬರುತ್ತದೆ. ನನ್ನ ಸ್ನೇಹಿತರೊಬ್ಬರು ಒಂದು ಸಣ್ಣ ಸಂಘದಲ್ಲಿ ಕೆಲಸ ಮಾಡುತ್ತಾರೆ. ಅವರಿಗೆ ಇದನ್ನೆಲ್ಲ ಹೇಳಿದಾಗ ನಕ್ಕರು. “ಎಲ್ಲರ ಮಾತನ್ನೂ ಇದ್ದ ಹಾಗೇ ತೆಗೆದುಕೊಂಡು ಹೋದರೆ ಅಧಿಕಾರಿ ಏನಂತಾರೆ ಗೊತ್ತಾ? ನಿಮ್ಮಲ್ಲೇ ಒಮ್ಮತ ಇಲ್ಲ, ಮೊದಲು ನೀವು ಸರಿಮಾಡಿಕೊಂಡು ಬನ್ನಿ ಅಂತಾರೆ. ಕಡತ ಅಲ್ಲಿಗೆ ಮುಚ್ಚಿತು” ಎಂದರು. ಅವರ ಮಾತಿನಲ್ಲಿ ಅನುಭವವಿದೆ. ಒಡಕನ್ನು ಬಳಸಿಕೊಳ್ಳುವುದು ಅಧಿಕಾರಕ್ಕೆ ಚೆನ್ನಾಗಿ ಗೊತ್ತು. ಬಡವರಿಗೆ ಇರುವ ಒಂದೇ ಬಲ ಒಗ್ಗಟ್ಟು. ಅದನ್ನು ಸತ್ಯದ ಹೆಸರಿನಲ್ಲಿ ಸಡಿಲ ಮಾಡು ಎನ್ನುವುದು, ಕಳೆದುಕೊಳ್ಳಲು ಏನೂ ಇಲ್ಲದ ಸಂಶೋಧಕಿಗೆ ಸುಲಭ.

ಅದಕ್ಕೆ ಸಾಕ್ಷಿಯೂ ಕಣ್ಣೆದುರಿಗಿದೆ. 2022ರ ಜನವರಿ 1ರಂದು ಏರಬೇಕಿದ್ದದ್ದು ಬಟ್ಟೆಯ ತೆರಿಗೆ ಮಾತ್ರವಲ್ಲ. ಸಾವಿರ ರೂಪಾಯಿವರೆಗಿನ ಪಾದರಕ್ಷೆಗಳ ಮೇಲೂ ಶೇ. 5ರಿಂದ 12ಕ್ಕೆ ಏರಿಕೆ ಅದೇ ದಿನಕ್ಕೆ ನಿಗದಿಯಾಗಿತ್ತು. ಬಟ್ಟೆಯದ್ದು ನಿಂತಿತು, ಚಪ್ಪಲಿಯದ್ದು ನಿಲ್ಲಲಿಲ್ಲ. ನಮ್ಮಲ್ಲಿ ಅಥಣಿ, ನಿಪ್ಪಾಣಿಯ ಕಡೆ ಕೊಲ್ಹಾಪುರಿ ಚಪ್ಪಲಿ ಹೊಲಿಯುವವರ ಕಷ್ಟ ದೊಡ್ಡಬಳ್ಳಾಪುರದವರ ಕಷ್ಟಕ್ಕಿಂತ ಕಡಿಮೆಯದ್ದಲ್ಲ. ನಮ್ಮ ಗುಂಪಿನಲ್ಲಿ ‘ದನಿ ಗೆದ್ದಿತು’ ಎಂದು ಸಂಭ್ರಮಿಸುವಾಗ ಚಪ್ಪಲಿಯವರ ನೆನಪು ಯಾರಿಗೂ ಬರಲಿಲ್ಲ, ನನಗೂ ಬರಲಿಲ್ಲ. ದನಿ ದೊಡ್ಡದಿದ್ದರೆ ಗೆಲ್ಲುತ್ತದೆ ಎಂಬ ಲೆಕ್ಕದಲ್ಲಿ ಸ್ನೇಹಿತರ ಮಾತು ಸರಿ. ದೊಡ್ಡ ದನಿ ಇಲ್ಲದವರಿಗೆ ಆ ಲೆಕ್ಕದಲ್ಲಿ ಏನು ಸಿಗುತ್ತದೆ ಎಂಬುದೂ ಅದೇ ದಿನ ಕಂಡಿತು.

ಒಗ್ಗಟ್ಟು ಮತ್ತು ಸತ್ಯ, ಎರಡರಲ್ಲಿ ಒಂದನ್ನು ಆರಿಸಬೇಕಾದ ಸಂದರ್ಭ ಇದಲ್ಲ ಎಂದು ನನಗೆ ಅನಿಸುತ್ತದೆ. ಬೇಡಿಕೆ ಒಂದೇ ಇರಲಿ, ಅದನ್ನು ಸಂಘ ತನ್ನ ಹೆಸರಿನಲ್ಲೇ ಹೇಳಲಿ. ‘ನಮ್ಮ ಇಷ್ಟು ಸದಸ್ಯರು ಇದನ್ನು ಒಪ್ಪಿದ್ದಾರೆ’ ಎನ್ನಲಿ. ಅದು ಗೌರವದ ಮಾತು. ಆದರೆ ಸದಸ್ಯನ ಬಾಯಲ್ಲಿ ಸಾಕ್ಷ್ಯ ಹೇಳಿಸುವುದಾದರೆ ಅವನ ಮಾತನ್ನೇ ಕೇಳಬೇಕು. ಅದೇ ಫೋನಿನಲ್ಲಿ ಮಾವ ದಿನವೂ ತನ್ನ ತಂಗಿಗೆ, ಅಂದರೆ ನನ್ನ ಅಮ್ಮನಿಗೆ, ಧ್ವನಿ ಸಂದೇಶ ಕಳಿಸುತ್ತಾರೆ. ಕನ್ನಡದಲ್ಲಿ ಒಂದು ನಿಮಿಷ ಮಾತಾಡಿ ಎಂದಿದ್ದರೆ ಅವರು ಕೂಲಿಯಿಂದ ಶುರುಮಾಡಿ ಕರೆಂಟಿನವರೆಗೆ ಎಲ್ಲವನ್ನೂ ಹೇಳುತ್ತಿದ್ದರು. ಆ ಮಾತು ದೆಹಲಿಯ ಪತ್ರಕ್ಕೆ ಉಪಯೋಗವಾಗದಿದ್ದರೆ ಬೇಡ. ಸಂಘಕ್ಕಾದರೂ ಕೇಳಿಸುತ್ತಿತ್ತಲ್ಲ? ತನ್ನ ಸದಸ್ಯರಲ್ಲಿ ಅರ್ಧದಷ್ಟು ಜನ ತೆರಿಗೆಗಿಂತ ಕೂಲಿಯ ಚಿಂತೆಯಲ್ಲಿದ್ದಾರೆ ಎಂದು ಗೊತ್ತಾದರೆ ಸಂಘಕ್ಕೆ ಕಷ್ಟವಾಗಬಹುದು, ಏಕೆಂದರೆ ಕೂಲಿ ಕೊಡಬೇಕಾದವರೂ ಅದೇ ಸಂಘದಲ್ಲಿ, ಸಾಮಾನ್ಯವಾಗಿ ಮುಂದಿನ ಕುರ್ಚಿಯಲ್ಲಿ, ಇರುತ್ತಾರೆ. ಕಾಲಂ ಇಲ್ಲದಿರುವುದಕ್ಕೆ ಅದೂ ಒಂದು ಕಾರಣವಿದ್ದೀತು.

ಈಗಿನ ಹೊಸ ಉಪಕರಣಗಳು ಈ ಪ್ರಶ್ನೆಯನ್ನು ಇನ್ನಷ್ಟು ಬಿಗಿಯಾಗಿಸುತ್ತಿವೆ. ಹಳೆಯ ಅಚ್ಚಿನ ಪತ್ರದಲ್ಲಿ ಒಂದು ಪ್ರಾಮಾಣಿಕತೆ ಇತ್ತು. ಹತ್ತು ಸಾವಿರ ಪತ್ರದಲ್ಲಿ ಒಂದೇ ವಾಕ್ಯವಿದ್ದರೆ ಓದುವ ಅಧಿಕಾರಿಗೂ ಇದು ಅಚ್ಚು ಎಂದು ಗೊತ್ತಾಗುತ್ತಿತ್ತು. ಈಗ ಕೃತಕ ಬುದ್ಧಿಮತ್ತೆಗೆ ಹೇಳಿದರೆ ಹತ್ತು ಸಾವಿರ ಸದಸ್ಯರಿಗೆ ಹತ್ತು ಸಾವಿರ ಬಗೆಯ ಪತ್ರ ಬರೆದುಕೊಡುತ್ತದೆ. ಒಬ್ಬನಿಗೆ ಮಗಳ ಮದುವೆ, ಒಬ್ಬನಿಗೆ ಬ್ಯಾಂಕ್ ಸಾಲ, ಒಬ್ಬನಿಗೆ ತಂದೆಯ ಕಾಲದ ಮಗ್ಗದ ನೆನಪು. ಅದೇ ಉಪಕರಣ ಹತ್ತು ಸಾವಿರ ಧ್ವನಿ ಸಂದೇಶಗಳನ್ನು ಕೇಳಿ, ಬರೆದು, ಅನುವಾದಿಸಿಯೂ ಕೊಡಬಲ್ಲದು. ಬಾಯಿಗೆ ಮಾತು ತುರುಕಲೂ ಬರುತ್ತದೆ, ಬಾಯಿಂದ ಬಂದ ಮಾತನ್ನು ಮುಟ್ಟಿಸಲೂ ಬರುತ್ತದೆ. ಯಾವುದಕ್ಕೆ ಬಳಸುತ್ತೇವೆ ಎಂಬುದನ್ನು ಉಪಕರಣ ಹೇಳುವುದಿಲ್ಲ.

ಇದನ್ನು ಯೋಚಿಸುವಾಗ ನನಗೆ ವಚನಕಾರರ ಅಂಕಿತದ ನೆನಪಾಗುತ್ತದೆ. ನೇಯ್ಗೆಯ ಕಾಯಕದವನಾದ ಜೇಡರ ದಾಸಿಮಯ್ಯ ರಾಮನಾಥ ಎಂಬ ಅಂಕಿತದಲ್ಲಿ ಬರೆದ. ಒಂದೇ ನಿಲುವಿನವರು, ಒಂದೇ ದಾರಿಯವರು ಎಷ್ಟೋ ಜನ ಇದ್ದರೂ ಒಬ್ಬೊಬ್ಬರ ಅಂಕಿತ ಬೇರೆ. ಅಂಕಿತ ಅವರ ಸ್ವಂತ ಹೆಸರಲ್ಲ, ಇಷ್ಟದೈವದ ಹೆಸರು. ಅಂದರೆ ಪ್ರತಿ ಮಾತಿನ ಕೊನೆಗೆ ತನ್ನ ದೈವವನ್ನೇ ಸಾಕ್ಷಿಗೆ ನಿಲ್ಲಿಸಿದ ಹಾಗೆ. ನಂಬಿಕೆಯನ್ನು ಹಂಚಿಕೊಂಡರು, ಸಾಕ್ಷಿಯನ್ನು ಹಂಚಿಕೊಳ್ಳಲಿಲ್ಲ. ಆ ಪರಂಪರೆಯ ನಾಡಿನಲ್ಲಿ, ನಾನು ಒಬ್ಬ ನೇಕಾರನ ಅಂಕಿತವನ್ನು ಅವನು ಆಡದ ಮಾತಿಗೆ ಹಾಕಿದೆ.

ಫಲ ಒಳ್ಳೆಯದಾಯಿತಲ್ಲ ಎಂಬ ಸಮಾಧಾನ ನನಗೆ ಈಗ ಸಾಲುವುದಿಲ್ಲ. ತೆರಿಗೆ ನಿಂತದ್ದು ಮಾವನಿಗೂ ಒಳ್ಳೆಯದೇ. ಏರಿದ್ದರೆ ಆ ಹೊರೆ ಎಲ್ಲಿಂದಲೋ ಇಳಿದು ಕೂಲಿಯ ಮೇಲೇ ಕೂರುತ್ತಿತ್ತೇನೋ. ಆದರೆ ಒಬ್ಬನಿಗೆ ಒಳ್ಳೆಯದನ್ನು ಮಾಡುವುದೂ ಅವನ ಮಾತನ್ನು ಕೇಳುವುದೂ ಬೇರೆ ಬೇರೆ ಋಣಗಳು. ಒಂದನ್ನು ತೀರಿಸಿದರೆ ಇನ್ನೊಂದು ತೀರುವುದಿಲ್ಲ.

ಹೋದ ತಿಂಗಳು ಊರಿಗೆ ಹೋದಾಗ ಗುಂಪಿನಲ್ಲಿ ಇನ್ನೊಂದು ಲಿಂಕ್ ಬಂದಿತ್ತು, ಈ ಸಲ ವಿದ್ಯುತ್ ದರದ ಬಗ್ಗೆ. ಮಾವ ಫೋನು ಕೊಟ್ಟರು. ನಾನು ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿದೆ. ಎರಡು ಕಡೆ ಅವರು, ಹಾಗಲ್ಲ ಎಂದರು. ಆ ಉತ್ತರಗಳನ್ನು ಖಾಲಿ ಬಿಟ್ಟೆ. ಕೊನೆಯಲ್ಲಿ ‘ಇತರೆ’ ಎಂಬ ಸಣ್ಣ ಡಬ್ಬಿ ಇತ್ತು. ಕೂಲಿಯ ಮಾತನ್ನು ಅವರು ಹೇಳಿದ ಹಾಗೇ, ಕನ್ನಡದಲ್ಲೇ, ಅದರಲ್ಲಿ ಬರೆದೆ. ಎಲ್ಲ ಸೇರಿ ನಲವತ್ತು ನಿಮಿಷ ಆಯಿತು. ಅದನ್ನು ಆ ಕಡೆ ಯಾರಾದರೂ ಓದುತ್ತಾರೆಯೇ ಎಂದು ಮಾವ ಕೇಳಿದರು. ಗೊತ್ತಿಲ್ಲ ಮಾವ ಎಂದೆ. “ಇರ್ಲಿ ಬಿಡು, ನೀನು ಕೇಳಿದೆಯಲ್ಲ” ಎಂದು ಎದ್ದು ಮಗ್ಗದ ಕಡೆ ಹೋದರು.